ಜಿಪ್ಸಿ ಕೊಡುವ ಮೊದಲು

ಬರ್ಕಾ, ಒಮಾನ್
6 ಫೆಬ್ರವರಿ 2026, ಶುಕ್ರವಾರ

ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರ. ತಮ್ಮನಿಗೆ ಆಶೀರ್ವಾದ.

ನಾವಿಲ್ಲಿ ಕ್ಷೇಮ. ಅಂಗಳದಲ್ಲಿ ಹರಡಿದ ಅಡಿಕೆ ಒಣಗಿತೋ, ಅಮ್ಮನ ಮೊಣಕಾಲು ನೋವು ಹೇಗುಂಟು, ತಿಳಿಸಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಹೋದ ಭಾನುವಾರ ಫೋನಿನಲ್ಲಿ ಏನಾಯಿತು ಎಂದು ನಿಮಗೇ ಗೊತ್ತುಂಟಲ್ಲ. ನಮ್ಮ ಹಳೆ ಮಾರುತಿ ಜಿಪ್ಸಿ ಜೀಪು ಇರಲಿ ಎಂದು ಒಂದು ಕಡೆಯಿಂದ ಅಪ್ಪಯ್ಯ, ಅದನ್ನು ಮಾರಿ ಹೊಸ ಜಿಮ್ನಿ ತರುವಾ ಎಂದು ಇನ್ನೊಂದು ಕಡೆಯಿಂದ ತಮ್ಮ, ಇಬ್ಬರೂ ಒಟ್ಟಿಗೇ ಮಾತಾಡುವಾಗ ನಾನು "ಜಿಪ್ಸಿ ಕೊಡುವುದು ಬೇಡ, ಮುಗಿಯಿತು" ಎಂದು ಫೋನ್ ಇಟ್ಟುಬಿಟ್ಟೆ. ಹಾಗೆ ಹೇಳಿದ್ದು ತಪ್ಪು. ರಜೆಯಲ್ಲಿ ಇಪ್ಪತ್ತು ಇಪ್ಪತ್ತೈದು ದಿನ ಬಂದು ಅದನ್ನು ಖುಷಿಗೆ ಓಡಿಸಿ ಹೋಗುವವನು ನಾನು. ಉಳಿದ ದಿನವೆಲ್ಲ ಅದರಡಿ ಗೋಣಿ ಹಾಸಿ ಮಲಗಿ ಗ್ರೀಸ್ ಹೊಡೆಯುವವನು ತಮ್ಮ. ಹಾಗಾಗಿ ಇವತ್ತು ರಜೆಯ ದಿನ ಕೂತು, ಯೋಚಿಸಿ ಬರೆಯುತ್ತಿದ್ದೇನೆ. ತಮ್ಮಾ, ಇದನ್ನು ಚಾವಡಿಯಲ್ಲಿ ಅಪ್ಪಯ್ಯನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದು.

ಮೊದಲು ಒಂದು ಬೇಸರ ಹೇಳಿಬಿಡುತ್ತೇನೆ. ತಮ್ಮನ ಮಗಳು ಪುಟ್ಟಿಯ ಹಣೆಗೆ ನಾಲ್ಕು ಹೊಲಿಗೆ ಬಿದ್ದ ವಿಷಯ ನನಗೆ ಗೊತ್ತಾದದ್ದು ಮೊನ್ನೆ, ಅದೂ ಅವಳ ಅಮ್ಮ ಬಾಯಿತಪ್ಪಿ ನನ್ನ ಹೆಂಡತಿಯ ಹತ್ತಿರ ಹೇಳಿದ್ದರಿಂದ. ನವರಾತ್ರಿ ರಜೆಯಲ್ಲಿ ಸೋಮೇಶ್ವರದ ಹತ್ತಿರ ಕಾಟಿ, ಅಂದರೆ ಕಾಡುಕೋಣ, ಅಡ್ಡ ಬಂತಂತೆ, ತಮ್ಮ ಬ್ರೇಕ್ ಹಾಕಿದನಂತೆ, ಹಿಂದಿನ ಉದ್ದ ಸೀಟಿನಲ್ಲಿ ಅಡ್ಡ ಕೂತಿದ್ದ ಮಗು ಜಾರಿ ಹೋಗಿ ಮುಂದಿನ ಸೀಟಿನ ಕಬ್ಬಿಣಕ್ಕೆ ಹೊಡೆದುಕೊಂಡಿತಂತೆ. ದೂರದಲ್ಲಿ ಇರುವವನಿಗೆ ಯಾಕೆ ಸುಮ್ಮನೆ ತಲೆಬಿಸಿ ಎಂದು ನೀವು ಹೇಳಲಿಲ್ಲ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಅದು ಗೊತ್ತಿದ್ದಿದ್ದರೆ ಭಾನುವಾರ ನಾನು ಹಾಗೆ ಮಾತಾಡುತ್ತಿರಲಿಲ್ಲ.

ಅಪ್ಪಯ್ಯಾ, ಜಿಪ್ಸಿ ನಿಮಗೆ ಎಂತದು ಎಂದು ನನಗೆ ಗೊತ್ತಿಲ್ಲವಾ? 2006ರಲ್ಲಿ ಅದು ಅಂಗಳಕ್ಕೆ ಬಂದ ದಿನ ನೀವು ಊಟ ಬಿಟ್ಟು ಅದರ ಸುತ್ತ ತಿರುಗಿದ್ದು ನೆನಪುಂಟು. ಆಗ ನಮ್ಮ ಮನೆಗೆ ರಸ್ತೆ ಎಂದು ಇದ್ದದ್ದು ಮುರಕಲ್ಲಿನ ಮೇಲೆ ಎರಡು ಗಾಡಿ ಜಾಡು, ಅಷ್ಟೆ. ಹೊಳೆಗೆ ಸೇತುವೆ ಇರಲಿಲ್ಲ. 2009ರ ಮಳೆಗಾಲದ ಆ ರಾತ್ರಿ ಅಜ್ಜಿಗೆ ಉಸಿರಾಟ ಸಿಗದೆ ಹೋದಾಗ ಯಾವ ಬಾಡಿಗೆ ಕಾರಿನವನೂ ಬರಲು ಒಪ್ಪಲಿಲ್ಲ. ನಾನು ಟಾರ್ಚ್ ಹಿಡಿದು ಮೊಣಕಾಲುದ್ದ ನೀರಿನಲ್ಲಿ ಮುಂದೆ ಮುಂದೆ, ಕಲ್ಲು ಎಲ್ಲಿ ಎಂದು ಕಾಲಿನಿಂದ ತಡಕುತ್ತಾ ನಡೆದೆ. ನೀವು ಮೆಲ್ಲಗೆ, ಹೆಚ್ಚು ಬಲದಲ್ಲಿ ಎಳೆಯುವ ಲೋ ಗೇರಿಗೆ ಹಾಕಿ, ಕ್ಲಚ್ಚಿನ ಮೇಲಿಂದ ಕಾಲು ಪೂರ್ತಿ ತೆಗೆದು, ಎಂಜಿನ್ ತಾನಾಗಿ ಎಳೆಯಲಿ ಎಂದು ಬಿಟ್ಟಿರಿ. ಮಧ್ಯದಲ್ಲಿ ಒಂದು ಕ್ಷಣ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಮತ್ತೆ ಕಚ್ಚಿಕೊಂಡಿತು. ಬೆಳಗಿನ ಜಾವ ಮಣಿಪಾಲ ತಲುಪಿದೆವು. ಅಜ್ಜಿ ಆಮೇಲೆ ಆರು ವರ್ಷ ನಮ್ಮೊಟ್ಟಿಗೆ ಇದ್ದರು. ಆ ಗಾಡಿಯನ್ನು ಹಳೆ ಕಬ್ಬಿಣ ಎಂದು ಯಾರಾದರೂ ಹೇಳಿದರೆ ನನಗೂ ಸಂಕಟ ಆಗುತ್ತದೆ.

ತಮ್ಮಾ, ನಿನ್ನ ಆಸೆಯೂ ಸಣ್ಣದಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಜೊತೆಗಿರುವ ಕೇರಳದವನೊಬ್ಬ ಐದು ಬಾಗಿಲಿನ ಜಿಮ್ನಿ ಕೊಂಡಿದ್ದಾನೆ. ಡಿಸೆಂಬರಿನಲ್ಲಿ ಅದರಲ್ಲಿ ಜಬಲ್ ಅಖ್ದರ್ ಬೆಟ್ಟಕ್ಕೆ ಹೋಗಿದ್ದೆವು. ಕೆಳಗೆ ಬಿರ್ಕತ್ ಅಲ್ ಮೌಝ್ ಎಂಬಲ್ಲಿ ಪೊಲೀಸ್ ಚೌಕಿ ಉಂಟು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಅಲ್ಲದಿದ್ದರೆ ಮೇಲೆ ಬಿಡುವುದೇ ಇಲ್ಲ. ರಸ್ತೆ ಡಾಮರಿನದ್ದೇ, ಆದರೆ ಅಷ್ಟು ಕಡಿದಾದ ಇಳಿಜಾರಿನಲ್ಲಿ ಬರೀ ಬ್ರೇಕನ್ನು ನಂಬಿದರೆ ಅದು ಕಾದು ಕೈಕೊಡುತ್ತದೆ. ಆಗುಂಬೆಯ ಹದಿನಾಲ್ಕು ತಿರುವು ಕಂಡವರಿಗೂ ಅಲ್ಲಿ ಒಮ್ಮೆ ಎದೆ ಹೊಡೆದುಕೊಳ್ಳುತ್ತದೆ.

ಮರುದಿನ ಒಂದು ವಾದಿಯಲ್ಲಿ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆಯ ಪಾತ್ರದಲ್ಲಿ, ನಾನೇ ಓಡಿಸಿದೆ. ಮುಂದಿನ ಒಂದು ಚಕ್ರ, ಅದಕ್ಕೆ ಎದುರು ಮೂಲೆಯ ಹಿಂದಿನ ಒಂದು ಚಕ್ರ, ಎರಡೂ ಗಾಳಿಯಲ್ಲಿ. ನಮ್ಮ ಜಿಪ್ಸಿ ಆಗಿದ್ದರೆ ಆ ಎರಡು ಚಕ್ರ ಸುಮ್ಮನೆ ತಿರುಗುತ್ತಾ ಇರುತ್ತಿತ್ತು, ನೆಲದಲ್ಲಿದ್ದ ಎರಡಕ್ಕೆ ಏನೂ ಸಿಗುತ್ತಿರಲಿಲ್ಲ. ಮೇಲಿನ ತೋಟದ ತಿರುವಿನಲ್ಲಿ ಪ್ರತಿ ಮಳೆಗಾಲ ನಾವು ಕಲ್ಲು ಕೊಡುವುದು ಅದೇ ಕಾರಣಕ್ಕೆ. ಜಿಮ್ನಿ ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿಯುತ್ತದೆ, ಆಗ ಶಕ್ತಿ ಇನ್ನೊಂದು ಬದಿಯ ಚಕ್ರಕ್ಕೆ ಹೋಗುತ್ತದೆ. ಕಟಕಟ ಎಂದು ಸದ್ದು ಮಾಡಿ ಮೆಲ್ಲಗೆ ಹತ್ತಿಯೇಬಿಟ್ಟಿತು. ನನಗೆ ಕೂಡಲೇ ನಿನ್ನ ನೆನಪಾಯಿತು.

ಸಂಬಂಧದಲ್ಲಿ ಅವೆರಡೂ ಅಜ್ಜ ಮೊಮ್ಮಗನೇ. ಜಪಾನಿನಲ್ಲಿ ಸುಜುಕಿ ಜಿಮ್ನಿ ಮೊದಲು ಬಂದದ್ದು 1970ರಲ್ಲಿ. 1981ರಲ್ಲಿ ಬಂದ ಎರಡನೇ ತಲೆಮಾರನ್ನೇ ಸ್ವಲ್ಪ ಉದ್ದ ಮಾಡಿ 1985ರ ಕೊನೆಗೆ ಮಾರುತಿಯವರು ಜಿಪ್ಸಿ ಎಂದು ತಂದರು. ಮೂರನೆಯದ್ದು ನಮ್ಮ ದೇಶಕ್ಕೆ ಬರಲೇ ಇಲ್ಲ. ಈಗಿನದ್ದು ನಾಲ್ಕನೆಯದ್ದು. ಎರಡರಲ್ಲೂ ಅಡಿಯಲ್ಲಿ ಗಾಡಿಯ ಭಾರವೆಲ್ಲ ಹೊರುವ ಗಟ್ಟಿ ಕಬ್ಬಿಣದ ಚಾಸಿ, ಹಿಂದೆ ಮುಂದೆ ಒಂದೇ ತುಂಡಿನ ಆಕ್ಸಲ್, ಕೈಯಲ್ಲಿ ಹಾಕುವ ಲೋ ಗೇರ್, ನೆಲದಿಂದ 210 ಮಿಲಿಮೀಟರ್ ಎತ್ತರ. ಜಿಪ್ಸಿಯ ಲೀಫ್ ಸ್ಪ್ರಿಂಗಿನ ಜಾಗಕ್ಕೆ ಕಾಯಿಲ್ ಸ್ಪ್ರಿಂಗ್ ಬಂದಿದೆ, ಅಮ್ಮನ ಬೆನ್ನಿಗೆ ಅದು ದೊಡ್ಡ ಉಪಕಾರ. ಆರು ಏರ್‌ಬ್ಯಾಗ್ ಉಂಟು. ನಮ್ಮದರಲ್ಲಿ ಒಂದೂ ಇಲ್ಲ, ಹಿಂದೆ ಕೂತವರಿಗೆ ಬೆಲ್ಟೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಜಿಮ್ನಿಯ ಒಳಗೆ ಕೂತಾಗ ನಾನು ಎಣಿಸಿದ್ದು ಸೀಟುಗಳನ್ನು. ನಾಲ್ಕು. ಕಾಗದದಲ್ಲೂ ನಾಲ್ಕೇ. ನಮ್ಮ ಮನೆಯಲ್ಲಿ ಅಪ್ಪಯ್ಯ, ಅಮ್ಮ, ನೀವಿಬ್ಬರು, ಮಕ್ಕಳಿಬ್ಬರು, ಆರು ಜನ. ಸೀಟು ಎಲ್ಲ ಇರುವಾಗ ಹಿಂದಿನ ಡಿಕ್ಕಿ 208 ಲೀಟರ್, ಎರಡು ಬ್ಯಾಗ್ ಇಟ್ಟರೆ ತುಂಬಿತು. ಜಿಪ್ಸಿಯಲ್ಲಿ ಉದ್ದ ಸೀಟು ಮಡಚಿ ನೀನು ಅಡಿಕೆ ಮೂಟೆ, ಗೊಬ್ಬರದ ಚೀಲ, ಮೋಟಾರ್ ಪಂಪು, ಹುಲ್ಲಿನ ಕಟ್ಟು ಎಲ್ಲ ತುಂಬುತ್ತೀಯಲ್ಲ, ಆ ಕೆಲಸ ಇದು ಮಾಡುವುದಿಲ್ಲ. ಜಿಪ್ಸಿ ಹೋದ ಜಾಗಕ್ಕೆ ಜಿಮ್ನಿ ಬಂದು ನಿಂತರೆ ಅಂಗಳ ತುಂಬಿದ ಹಾಗೆ ಕಾಣಬಹುದು, ಆದರೆ ಹೊರೆ ಹೊರುವುದಕ್ಕೆ ಮತ್ತೆ ಬಾಡಿಗೆ ಪಿಕಪ್ ಕರೆಯಬೇಕು, ನೀವೆಲ್ಲ ಒಟ್ಟಿಗೆ ಮದುವೆಗೆ ಹೋಗಬೇಕಾದರೆ ಇನ್ನೊಂದು ರಿಕ್ಷಾ ಕರೆಯಬೇಕು.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. 2023ರ ಜೂನಿನಲ್ಲಿ ಬಂದಾಗ ಜಿಮ್ನಿಯ ಶೋರೂಮ್ ಬೆಲೆ 12.74 ಲಕ್ಷದಿಂದ ಶುರುವಾಗಿತ್ತು. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ನಮ್ಮ ರಾಜ್ಯದಲ್ಲಿ ಶೇಕಡಾ 17 ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್. ಬರೀ ತೆರಿಗೆಗೇ ಎರಡು ಲಕ್ಷದ ಮೇಲೆ. ಜಿಪ್ಸಿಯ ಆರ್‌ಸಿ ಈ ಜೂನಿಗೆ ಮುಗಿಯುತ್ತದೆ. 2021ರಲ್ಲಿ ಹದಿನೈದು ತುಂಬಿದಾಗ ಅದರ ನವೀಕರಣ 600 ರೂಪಾಯಿಯ ಶುಲ್ಕದಲ್ಲಿ ಆಗಿತ್ತು. ಇಪ್ಪತ್ತು ವರ್ಷ ದಾಟಿದ ಕಾರು, ಜೀಪುಗಳಿಗೆ 2025ರ ಆಗಸ್ಟಿನಿಂದ ಅದು 10,000 ಆಗಿದೆ, ಹಸಿರು ತೆರಿಗೆ ಬೇರೆ. ಐದು ವರ್ಷಕ್ಕೆ ಅದು ಹೆಚ್ಚೇನಲ್ಲ. ಅಪ್ಪಯ್ಯಾ, ದೆಹಲಿಯ ಹಾಗೆ ಹದಿನೈದು ವರ್ಷಕ್ಕೆ ಪೆಟ್ರೋಲ್ ಗಾಡಿ ನಿಲ್ಲಿಸುವ ನಿಯಮ ನಮ್ಮಲ್ಲಿ ಇಲ್ಲ. ಪೇಟೆಯಲ್ಲಿ ಯಾರೋ ಹೆದರಿಸಿದರು ಎಂದು ಗಾಬರಿಯಾಗಬೇಡಿ. ಪರೀಕ್ಷೆಯಲ್ಲಿ ಗಾಡಿ ಪಾಸಾಗಬೇಕು, ಅಷ್ಟೆ.

ನನ್ನ ಮನಸ್ಸಿನಲ್ಲಿ ಮುಖ್ಯವಾಗಿ ಇರುವುದು ಬೇರೆ. 2006ರಲ್ಲಿ ಹೆಬ್ರಿ ಪೇಟೆಗೆ ಹೋಗುವುದಕ್ಕೇ ನಮಗೆ ಅಂಥ ಗಾಡಿ ಬೇಕಿತ್ತು. ಈಗ ಹೊಳೆಗೆ ಸೇತುವೆ ಆಗಿದೆ. ಗೇಟಿನವರೆಗೆ ಕಾಂಕ್ರೀಟ್ ಬಂದಿದೆ. ಅಲ್ಲಿಂದ ಮುಂದೆ 169ಎ ಹೆದ್ದಾರಿ, ಮಣಿಪಾಲ, ಉಡುಪಿ, ಎಲ್ಲ ಯಾವ ಸಣ್ಣ ಕಾರಾದರೂ ಹೋಗುವ ದಾರಿ. ಲೋ ಗೇರು ನಿಜವಾಗಿ ಬೇಕಾಗುವುದು ಕೊಟ್ಟಿಗೆಯ ಹಿಂದಿನಿಂದ ಮೇಲಿನ ತೋಟದವರೆಗಿನ ಆ ಏರಿಗೆ ಮಾತ್ರ, ಅದೂ ಮಳೆಗಾಲದಲ್ಲಿ. ತಮ್ಮಾ, ಅಲ್ಲಿ ಹೋಗುವುದು ನೀನೊಬ್ಬ, ಜೊತೆಗೆ ಒಬ್ಬ ಕೆಲಸದವ, ಮತ್ತೆ ಹೊರೆ. ಜಿಪ್ಸಿಗೆ ಅದು ಇವತ್ತಿಗೂ ಲೀಲಾಜಾಲ. ಹೆದ್ದಾರಿಯಲ್ಲಿ ಅಮ್ಮನನ್ನೂ ಮಕ್ಕಳನ್ನೂ ಅಡ್ಡ ಸೀಟಿನಲ್ಲಿ ಕೂರಿಸಿಕೊಂಡು ಹೋಗುವುದಕ್ಕೆ ಅದು ಸರಿಯಾದ ಗಾಡಿ ಅಲ್ಲ. ಯಾವತ್ತೂ ಆಗಿರಲಿಲ್ಲ. ನಮಗೆ ಬೇರೆ ಗತಿ ಇರಲಿಲ್ಲ, ಹಾಗಾಗಿ ಕೂತೆವು.

ಆದ್ದರಿಂದ ನಾನು ಹೇಳುವುದು ಹೀಗೆ. ಜಿಪ್ಸಿ ತೋಟಕ್ಕೆ ಇರಲಿ. ಹಿಂದಿನ ಎರಡು ಉದ್ದ ಸೀಟು ಬಿಚ್ಚಿ ಅಟ್ಟದ ಮೇಲೆ ಇಡು, ಮತ್ತೆ ಯಾರೂ ಅಲ್ಲಿ ಕೂರುವುದು ಬೇಡ. ಜನ ಹೋಗುವುದಕ್ಕೆ ಆರು ಏರ್‌ಬ್ಯಾಗು, ಎಲ್ಲ ಸೀಟಿಗೂ ಬೆಲ್ಟು ಇರುವ ಏಳು ಸೀಟಿನ ಒಂದು ಸಾಧಾರಣ ಕಾರು ನೋಡುವಾ. ಅದಕ್ಕೆ ಅರ್ಧ ದುಡ್ಡು ನನ್ನದು. ಇದರಲ್ಲಿ ನಿನ್ನ ಜಿಮ್ನಿ ಇಲ್ಲ ಎಂದು ನಿನಗೆ ನೋವಾಗುತ್ತದೆ, ಗೊತ್ತು. ಬರೆಯುವಾಗ ನನಗೂ ಕೈ ತಡೆಯಿತು.

ಆದರೆ ಒಂದು ಷರತ್ತು, ಜಿಪ್ಸಿಯ ಚಾಸಿ ಗಟ್ಟಿ ಇರಬೇಕು. ಇಲ್ಲಿ ಬರ್ಕಾದ ಮೀನುಗಾರರು ದೋಣಿಯನ್ನು ಪಿಕಪ್ಪಿಗೆ ಕಟ್ಟಿ ಮರಳಿನ ಮೇಲೆ ಎಳೆಯುತ್ತಾರೆ, ಚಕ್ರ ಮುಳುಗುವಷ್ಟು ಉಪ್ಪುನೀರಿಗೆ ಇಳಿಸುತ್ತಾರೆ. ಆ ಗಾಡಿಗಳು ನಮ್ಮ ವರ್ಕ್‌ಶಾಪಿಗೆ ಬಂದಾಗ ಹೊರಗಿನಿಂದ ಪೇಂಟು ಚಂದವೇ ಇರುತ್ತದೆ. ಚಾಸಿ ಪೆಟ್ಟಿಗೆಯ ಹಾಗೆ ಒಳಗೆ ಟೊಳ್ಳು. ಕೆಸರು ಒಳಗೆ ಹೋಗಿ, ನೀರು ಇಳಿಯುವ ತೂತು ಕಟ್ಟಿ, ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ನಮ್ಮ ಜಿಪ್ಸಿಗೆ ಇಪ್ಪತ್ತು ಮಳೆಗಾಲ ಆಯಿತು, ಚಿಕ್ಕವರಿರುವಾಗ ನಾವು ಮಲ್ಪೆಯ ಮರಳಿನಲ್ಲಿ ಓಡಿಸಿದ್ದೂ ಉಂಟು, ತೊಳೆಯದೆ ಮನೆಗೆ ತಂದದ್ದೂ ಉಂಟು. ಎಂಜಿನ್ ಬೇಕಾದರೆ ಬಿಚ್ಚಿ ಕಟ್ಟಬಹುದು. ಬಿಡಿಭಾಗ ಹುಡುಕಿದರೆ ಸಿಗುತ್ತದೆ. ಈಗಿನ ಇಪ್ಪತ್ತು ಶೇಕಡಾ ಎಥನಾಲ್ ಪೆಟ್ರೋಲಿಗೆ ಹಳೆ ರಬ್ಬರ್ ಪೈಪು ತಡೆಯಲಿಕ್ಕಿಲ್ಲ, ಅದನ್ನು ಹೇಗೂ ಬದಲಿಸು. ಚಾಸಿ ಹೋದರೆ ಮಾತ್ರ ಎಲ್ಲ ಹೋಯಿತು.

ಒಳಗಿನಿಂದ ಕರಗಿದ್ದರೆ ತಗಡು ಅಂಟಿಸಿ ವೆಲ್ಡಿಂಗ್ ಮಾಡಿಸಿ ಪಾಸು ಮಾಡಿಸುವುದು ಬೇಡ, ಅಪ್ಪಯ್ಯಾ. ಆ ಏರಿನಲ್ಲಿ ಹೊರೆ ಹೊತ್ತು ಅದು ಮುರಿದರೆ ಕೆಳಗೆ ಇರುವುದು ನಿಮ್ಮ ಮಗ. ಹಾಗಿದ್ದರೆ ಅದಕ್ಕೆ ಒಂದು ಪೂಜೆ ಮಾಡಿ ಕೊಟ್ಟುಬಿಡುವಾ. ಆಗ ತಮ್ಮ ಜಿಮ್ನಿಯನ್ನೇ ತರಲಿ, ಆ ಏರಿಗೆ ಒಂದು ಗಾಡಿ ಬೇಕೇ ಬೇಕು. ಮೂಟೆಗೆ ಪಿಕಪ್ ಕರೆಯುವಾ. ಏಳು ಸೀಟಿನ ಕಾರು ಮುಂದಿನ ವರ್ಷ ಆಗಲಿ. ಅರ್ಧ ದುಡ್ಡಿನ ಮಾತು ಅದಕ್ಕೂ ಉಂಟು.

ಅಮ್ಮಾ, ನೀನು ಕೇಳಿದ ಖರ್ಜೂರ ಮುಂದಿನ ತಿಂಗಳು ಊರಿಗೆ ಬರುವವರ ಹತ್ತಿರ ಕಳಿಸುತ್ತೇನೆ. ಪುಟ್ಟಿಯ ಹಣೆಯ ಕಲೆ ಕಾಣುವ ಹಾಗೆ ಒಂದು ಫೋಟೋ ಕಳಿಸು, ಕೂದಲು ಮುಂದೆ ತಂದು ಮುಚ್ಚಬೇಡ.

ತಮ್ಮಾ, ಭಾನುವಾರ ಬೆಳಿಗ್ಗೆ ಜಿಪ್ಸಿಯನ್ನು ಅಂಗಳದ ಅಂಚಿನಲ್ಲಿ ಎತ್ತರಕ್ಕೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅಡಿಯನ್ನು ಚೆನ್ನಾಗಿ ತೊಳೆ. ಒಣಗಿದ ಮೇಲೆ ಸಣ್ಣ ಸುತ್ತಿಗೆ ತೆಗೆದುಕೊಂಡು ಮುಂದಿನಿಂದ ಹಿಂದಿನವರೆಗೆ ಚಾಸಿಯನ್ನು ಗೇಣಿಗೊಂದು ಸಲ ಬಡಿಯುತ್ತಾ ಬಾ. ಹಿಂದಿನ ಸ್ಪ್ರಿಂಗ್ ಸಿಕ್ಕಿಸಿದ ಜಾಗ, ಹಿಂದಿನ ಚಕ್ರದ ಮೇಲಿನ ಬಾಗು, ಬಾಡಿ ಕೂತ ಬೋಲ್ಟಿನ ಸುತ್ತ, ಇಲ್ಲೆಲ್ಲ ಎರಡೆರಡು ಸಲ. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ. ತಿಂದಿದ್ದರೆ ಸದ್ದು ಸತ್ತ ಹಾಗೆ ಬರುತ್ತದೆ, ಸುತ್ತಿಗೆ ಕೈಗೇ ಹೇಳುತ್ತದೆ. ಅಪ್ಪಯ್ಯನನ್ನು ಹತ್ತಿರ ಕುರ್ಚಿ ಹಾಕಿ ಕೂರಿಸು, ಅವರೂ ಕೇಳಲಿ. ಫೋನನ್ನು ಚಾಸಿಗೆ ಹತ್ತಿರ ಹಿಡಿ. ನಾನು ಈ ಸಲ ನಡುವೆ ಮಾತಾಡುವುದಿಲ್ಲ.

ಇತಿ ನಿಮ್ಮ ಪ್ರೀತಿಯ
ದೊಡ್ಡ ಮಗ