ಯಾರೂ ತುಟಿ ಪಿಟಿಕ್ ಅನ್ನಲ್ಲ ಅಂದೆಯಲ್ಲ

ಮಂಡ್ಯ
ಶನಿವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಗುರುವಾರ ಬಂತು. ಮೊದಲ ಸಲ ಓದಿ ಖುಷಿಪಟ್ಟೆ. ರಾತ್ರಿ ಮತ್ತೆ ಓದುವಾಗ, ನಿನ್ನ ಬ್ಯಾಸ್ಕೆಟ್‌ಬಾಲ್ ಟೀಮಿನ ಬಗ್ಗೆ ಬರೆದ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. 'ಬಿಗಿ ಸಡಿಲ ಬಿಟ್ಟರೆ ಹುಡುಗಿಯರು ಕೈತಪ್ಪಿ ಹೋಗ್ತಾರೆ ಅಂತ ಭಯ ದೊಡ್ಡಮ್ಮ' ಅಂತ ಬರೆದಿದ್ದೀಯ. ಅದರ ಕೆಳಗೇ, 'ಈಗ ಪರವಾಗಿಲ್ಲ, ಒಬ್ಬಳು ಕಾಲು ನೋವು ಅಂದಳು, ಇನ್ನೂ ಹತ್ತು ರೌಂಡ್ ಓಡಿಸಿದೆ. ಅವತ್ತಿನಿಂದ ಯಾರೂ ತುಟಿ ಪಿಟಿಕ್ ಅನ್ನಲ್ಲ' ಅಂತ.

ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿಲ್ಲ ನಾನು.

ಬಯ್ಯೋಕೆ ಬರೆಯುತ್ತಿಲ್ಲ ಮಗಳೇ. ನಿನ್ನ ಭಯ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ಅದನ್ನು ವಿಸಿಲ್ ಜೊತೆ ಕೊರಳಿಗೆ ಕಟ್ಟಿಕೊಂಡೇ ಓಡಾಡಿದೆ. ನಮ್ಮ ಮನೆಯಲ್ಲಿ ಶಿಸ್ತು ಅಂದರೆ ಏನಿತ್ತು ಅಂತ ನಿಮ್ಮಮ್ಮ ನಿನಗೆ ಹೇಳಿರುತ್ತಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಹುಡುಗಿಯರ ಟೀಮ್, ಅದರಲ್ಲೂ ಹೆಂಗಸು ಕೋಚ್ ಅಂದರೆ ಪಕ್ಕದ ಕೋರ್ಟಿನ ಹುಡುಗರಿಂದ ಹಿಡಿದು ಎಲ್ಲರೂ ನೋಡುತ್ತಿರುತ್ತಾರೆ. ಸ್ವಲ್ಪ ನಗುವ ಸದ್ದು ಕೇಳಿದರೂ 'ಇವಳ ಕೈಲಿ ಆಗಲ್ಲ' ಅನ್ನುತ್ತಾರೆ ಅಂತ ಒಳಗೆ ಕುದಿಯುತ್ತದೆ. ನನಗೂ ಕುದಿಯುತ್ತಿತ್ತು.

ಆದರೆ ಆ ಮೌನ ಇದೆಯಲ್ಲ, ಅದನ್ನು ನೀನು ಗೆಲುವು ಅಂತ ಲೆಕ್ಕ ಹಾಕಿದ್ದೀಯ. ನಮ್ಮ ಆಟದಲ್ಲಿ ಬಾಯಿ ಬೇಕೇ ಬೇಕು. ಹಿಂದಿನಿಂದ ಸ್ಕ್ರೀನ್, ಅಂದರೆ ದಾರಿಗೆ ಅಡ್ಡ ನಿಲ್ಲುವ ಎದುರಾಳಿ, ಬರುವುದು ಡಿಫೆಂಡರ್‌ಗೆ ಕಾಣುವುದಿಲ್ಲ, ಅವಳ ಹಿಂದೆ ನಿಂತವಳಿಗೆ ಕಾಣುತ್ತದೆ. ಅವಳು 'ಸ್ಕ್ರೀನ್ ಲೆಫ್ಟ್' ಅಂತ ಕೂಗದಿದ್ದರೆ ಮುಂದಿನವಳು ಹೋಗಿ ಗೋಡೆಗೆ ಹೊಡೆದ ಹಾಗೆ ಹೊಡೆದುಕೊಳ್ಳುತ್ತಾಳೆ. 'ಸ್ವಿಚ್', 'ಹೆಲ್ಪ್', 'ಬಾಲ್', ಇಷ್ಟೇ ಮಾತು. 28 ಮೀಟರ್ ಉದ್ದದ ಕೋರ್ಟಿನಲ್ಲಿ ಐದು ಜನರನ್ನು ಕಟ್ಟಿ ಹಿಡಿಯುವುದು ಅದೇ. ಪ್ರಾಕ್ಟೀಸಿನಲ್ಲಿ ನಿನಗೆ ಹೆದರಿ ಬಾಯಿ ಮುಚ್ಚಿಕೊಂಡವಳು ಮ್ಯಾಚಿನಲ್ಲಿ, ಒಂದು ಸಲ ಬಾಲ್ ಸಿಕ್ಕರೆ ಶಾಟ್ ಹೊಡೆಯೋಕೆ ಇರುವ ಆ 24 ಸೆಕೆಂಡಿನೊಳಗೆ ಅದನ್ನು ತೆರೆಯುತ್ತಾಳಾ? ನನ್ನ ಟೀಮಿನವರು ತೆರೆಯಲಿಲ್ಲ. ಗೆರೆ ಎಳೆದ ಹಾಗೆ ನಿಲ್ಲುತ್ತಿದ್ದರು, ಸುಮ್ನೆ ಪಾಯಿಂಟ್ ಬಿಟ್ಟುಕೊಡುತ್ತಿದ್ದರು. ನಾನು ಇನ್ನೂ ಓಡಿಸುತ್ತಿದ್ದೆ.

ಸೋತರೆ ಭಾನುವಾರ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು, ನಂದಿ ಹತ್ತಿರ ನಿಲ್ಲುವ ಹಾಗಿಲ್ಲ, ನೀರು ಮೇಲೆ ಹೋದ ಮೇಲೆಯೇ. ಆಮೇಲೆ ಅದೇ ಮೆಟ್ಟಿಲಲ್ಲಿ ಓಡಿ ಇಳಿಯಬೇಕು. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಜಾಸ್ತಿ ಪೆಟ್ಟು ಅನ್ನುವುದು ಕೂಡ ಆಗ ನನ್ನ ತಲೆಗೆ ಹೋಗಿರಲಿಲ್ಲ. 'ನೋವು ಅನ್ನುವವರು ಬ್ಯಾಗ್ ತಗೊಂಡು ಮನೆಗೆ ಹೋಗಬಹುದು' ಅಂತ ಒಂದು ಮಾತು ಇಟ್ಟುಕೊಂಡಿದ್ದೆ. ದಿನಾ ಹೇಳುತ್ತಿದ್ದೆ.

ಒಂದು ವಿಷಯ ನಿಮ್ಮಮ್ಮನಿಗೂ ಹೇಳಿಲ್ಲ. ಅಂತರ ಕಾಲೇಜು ಪಂದ್ಯಕ್ಕೆ ಒಂದು ವಾರ ಇತ್ತು. ಬೆಳಿಗ್ಗೆ ಆರೂವರೆ. ಸಿಮೆಂಟ್ ಕೋರ್ಟಿನ ಮೇಲೆ, ಫ್ರೀ ಥ್ರೋ ಗೆರೆ ಹತ್ತಿರ ಏನೋ ಮಿಂಚಿತು. ಬಗ್ಗಿ ಎತ್ತಿಕೊಂಡೆ. ಕ್ರೇಪ್ ಬ್ಯಾಂಡೇಜಿನ ಕ್ಲಿಪ್. ಎರಡೂ ತುದಿಯಲ್ಲಿ ಸಣ್ಣ ಹಲ್ಲು ಇರುತ್ತಲ್ಲ, ಅದು. ಅಂಗೈಯಲ್ಲಿಟ್ಟು 'ಯಾರದಿದು?' ಅಂದೆ. ಹನ್ನೆರಡು ಹುಡುಗಿಯರು ನನ್ನ ಮುಂದೆ ನಿಂತಿದ್ದರು. ಒಬ್ಬಳೂ ಮಾತಾಡಲಿಲ್ಲ. ಹನ್ನೆರಡೂ ಟ್ರ್ಯಾಕ್ ಪ್ಯಾಂಟು. ಯಾರದಾದರೂ ಒಂದನ್ನು ಮಂಡಿವರೆಗೆ ಮಡಚಿ ತೋರಿಸು ಅಂದಿದ್ದರೆ ಸಾಕಿತ್ತು. ನಾನು ಅದನ್ನು ಬೇಲಿಯಾಚೆ ಎಸೆದು ಮತ್ತೆ ವಿಸಿಲ್ ಊದಿದೆ.

ಪಂದ್ಯದ ದಿನ ಮೂರನೇ ಕ್ವಾರ್ಟರಿನಲ್ಲಿ ರಿಬೌಂಡಿಗೆ ನೆಗೆದು ಇಳಿದವಳು ಏಳಲಿಲ್ಲ. ಪ್ಯಾಂಟ್ ಮೇಲೆತ್ತಿದರೆ ಒಳಗೆ ಬ್ಯಾಂಡೇಜು, ಕ್ಲಿಪ್ಪಿಲ್ಲದೆ ಹರಳೆಣ್ಣೆ ಬಾಟಲಿಗೆ ಸುತ್ತುವಂಥ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಳು. ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದಿತ್ತು. ನೆಗೆದು ಇಳಿಯುವ, ಗಕ್ಕನೆ ತಿರುಗುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಅದು ಜಾಸ್ತಿ ಹರಿಯುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಯಾಕೆ ಹೇಳಲಿಲ್ಲ ಅಂತ ಅವಳ ಗೆಳತಿಯನ್ನು ಕೇಳಿದೆ. 'ಹೇಳಿದ್ರೆ ತೆಗೀತೀರಿ ಅಂತ ಮೇಡಂ' ಅಂದಳು.

ಹೋದ ವರ್ಷ ಇಲ್ಲೇ ಒಂದು ಮದುವೆ ಊಟದಲ್ಲಿ ಅವಳನ್ನು ನೋಡಿದೆ. ಈಗ ಅವಳಿಗೇ ಹೈಸ್ಕೂಲಿಗೆ ಹೋಗುವ ಮಗ. ಒಂದು ಕಾಲು ಮುಂದೆ ಚಾಚಿ ಕೂತಿದ್ದಳು. ನನ್ನನ್ನು ಕಂಡ ತಕ್ಷಣ ಟೇಬಲ್ಲಿಗೆ ಕೈಯೂರಿ ಎದ್ದು ನಿಂತಳು. ಆ ಕಾಲಲ್ಲೇ. 'ಕೂತ್ಕೊಳಮ್ಮ, ಮಂಡಿ ನೋವಾ?' ಅಂದೆ. 'ಏನಿಲ್ಲ ಮೇಡಂ' ಅಂದಳು. ಇಷ್ಟು ವರ್ಷ ಆದ ಮೇಲೂ ಏನಿಲ್ಲ ಅಂತಾಳೆ ಪುಟ್ಟಿ.

ಅಮೆರಿಕದ ಕೋಚ್ ಬಾಬ್ ನೈಟ್ ಹೆಸರು ಬರೆದಿದ್ದೀಯ. ಬಿಗಿಯಿಂದಲೇ ಗೆದ್ದರು ಅಂತ. ಸುಳ್ಳಲ್ಲ. ಇಂಡಿಯಾನಾ ಯೂನಿವರ್ಸಿಟಿ ತಂಡಕ್ಕೆ ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು, 1976ರಲ್ಲಿ ಗೆದ್ದ ಸೀಸನ್‌ನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಹುಡುಗರು ಓದು ಮುಗಿಸಲಿ ಅಂತಲೂ ಹಟ ಹಿಡಿದವರು. ಆದರೆ 1985ರಲ್ಲಿ ಆಟದ ಮಧ್ಯೆ ಕೋರ್ಟಿಗೆ ಕುರ್ಚಿ ಎಸೆದವರೂ ಅವರೇ. ಪ್ರಾಕ್ಟೀಸಿನಲ್ಲಿ ಒಬ್ಬ ಆಟಗಾರನ ಕುತ್ತಿಗೆಗೆ ಕೈ ಹಾಕಿದ ವಿಡಿಯೋ 2000ದಲ್ಲಿ ಹೊರಗೆ ಬಂತು, ಆ ವರ್ಷವೇ ಕೆಲಸ ಹೋಯಿತು. ಆ ವಿಡಿಯೋ 1997ರದ್ದು. ನನ್ನನ್ನು ಕಾಡುವುದು ನಡುವಿನ ಆ ಮೂರು ವರ್ಷ. ಅಲ್ಲಿದ್ದ ಹುಡುಗರು ಏನನ್ನೆಲ್ಲ ನುಂಗಿಕೊಂಡು ಆಡಿರಬೇಕು?

ಜಾನ್ ವುಡನ್ ಕೂಡ ಬಿಗಿಯವರೇ ಅಲ್ವಾ? ಅಮೆರಿಕದ್ದೇ ಇನ್ನೊಂದು ಯೂನಿವರ್ಸಿಟಿ ಯುಸಿಎಲ್‌ಎಗೆ ಕೋಚ್ ಆಗಿ 12 ವರ್ಷದಲ್ಲಿ 10 ರಾಷ್ಟ್ರೀಯ ಪ್ರಶಸ್ತಿ. ಹೊಸ ಹುಡುಗರಿಗೆ ಮೊದಲ ದಿನ ಅವರು ಕಲಿಸುತ್ತಿದ್ದದ್ದು ಸಾಕ್ಸ್ ಹಾಕಿಕೊಳ್ಳುವುದು. ಹಿಮ್ಮಡಿಯಲ್ಲಿ ಒಂದು ಸುಕ್ಕು ಉಳಿಯಬಾರದು, ಉಳಿದರೆ ಬೊಬ್ಬೆ ಏಳುತ್ತದೆ ಅಂತ. ಆ ಶಿಸ್ತು ಪೂರ್ತಿ ಹುಡುಗನ ಕಾಲಿಗೋಸ್ಕರ ಇತ್ತು. ನನ್ನದು ನನ್ನ ಮರ್ಯಾದೆಗೋಸ್ಕರ ಇತ್ತು. ಇದನ್ನು ಬರೆಯೋಕೆ ಕಷ್ಟವಾಗುತ್ತಿದೆ.

ಏನು ಮಾಡಬೇಕು ಅಂತ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ತೋಚಿದ್ದು ಬರೆಯುತ್ತೇನೆ, ಬೇಡವಾದರೆ ಬಿಡು. ಓಡುವುದನ್ನು ಶಿಕ್ಷೆ ಮಾಡಬೇಡ. ಓಟ ನಮ್ಮ ಆಟದ ಅನ್ನ, ಅದನ್ನು ಕಂಡರೆ ಅವರಿಗೆ ಬೇಸರ ಬರಬಾರದು. ತಪ್ಪು ಮಾಡಿದರೆ ಬೆಂಚಿನ ಮೇಲೆ ಕೂರಿಸು, ಅದು ಸಾಕಾಗುತ್ತದೆ, ನಿನ್ನ ಟಾಪ್ ಸ್ಕೋರರ್ ಆದರೂ ಕೂರಿಸು. ಅಲ್ಲಿ ಮಾತ್ರ ಸಡಿಲ ಬೇಡ. ಲೇಟಾಗಿ ಬರುವುದಕ್ಕೆ ಏನು ಮಾಡಬೇಕು ಅಂತ ಅವರೇ ಕೂತು ತೀರ್ಮಾನಿಸಲಿ, ನೀನು ಬರೆದುಕೋ. ನೀರಿಗೆ ಯಾವತ್ತೂ ಅಡ್ಡ ಹೋಗಬೇಡ. ಇದೆಲ್ಲ ನಿನಗೆ ಗೊತ್ತಿರಬಹುದು, ನಿಮ್ಮ ಕೋಚಿಂಗ್ ಕೋರ್ಸಿನಲ್ಲಿ ಹೇಳಿರುತ್ತಾರೆ.

ನೋವು ಅಂದರೆ ಮೊದಲು ನಂಬು. ಹತ್ತರಲ್ಲಿ ಇಬ್ಬರು ನಾಟಕ ಆಡಬಹುದು, ಆಡಲಿ ಬಿಡು, ಒಂದು ದಿನದ ಪ್ರಾಕ್ಟೀಸ್ ತಾನೇ ಹೋಗುವುದು. ವಾರ್ಮ್ ಅಪ್‌ಗೆ ಮುಂಚೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳು. ಎಲ್ಲರ ಮುಂದೆ ಕೇಳಿದರೆ ಹೇಳುವುದಿಲ್ಲ. ತಿಂಗಳ ನೋವಿದ್ದರೆ ಅದಕ್ಕೂ ಬಾಯಿಬಿಡುವಷ್ಟು ಸಲುಗೆ ಇರಲಿ, ನೀನು ಹೆಣ್ಣಲ್ವಾ, ನಿನ್ನ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳುತ್ತಾರೆ.

ಕೈತಪ್ಪಿ ಹೋಗುತ್ತಾರೆ ಅಂತ ಹೆದರಿದ್ದೀಯ. ನನ್ನ ಹನ್ನೆರಡು ಜನರಲ್ಲಿ ಒಬ್ಬಳೂ ಕೈತಪ್ಪಿ ಹೋಗಲಿಲ್ಲ ಮಗಳೇ. ಎಲ್ಲರೂ ಕಣ್ಣೆದುರೇ ಸಾಲಾಗಿ ನಿಂತಿದ್ದರು. ಕ್ಲಿಪ್ ಯಾರದು ಅಂತ ನನಗೆ ಗೊತ್ತಾಗಲಿಲ್ಲ ಅಷ್ಟೇ.

ಆ ಕಾಲು ನೋವು ಅಂದ ಹುಡುಗಿ ಏನಾದಳು ಅಂತ ನೀನು ಬರೆದೇ ಇಲ್ಲ. ಯಾವ ಕಾಲು? ಮಂಡಿಯೋ, ಹರಡೋ? ಊದಿದೆಯಾ? ಈ ಕಾಗದ ಕೈಗೆ ಬಂದ ದಿನವೇ ಅವಳನ್ನು ನೋಡಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ನಿನ್ನ
ದೊಡ್ಡಮ್ಮ