ಅಚ್ಚಿನ ಮೇಣದಬತ್ತಿ ಕಿಟ್‌ನಲ್ಲಿ ಗ್ಲಾಸಿನ ಮೇಣ: ಕಂಪನಿಗೆ ನನ್ನ ಕೊನೆಯ ಪತ್ರ

ಇಂದ:
ನಿಮ್ಮ ಗ್ರಾಹಕಿ, ನಿಟುವಳ್ಳಿ, ದಾವಣಗೆರೆ

ಗೆ:
ಕುಂದುಕೊರತೆ ಅಧಿಕಾರಿಗಳು ಮತ್ತು ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ‘ಹೊಸಬರಿಗಾಗಿ ಅಚ್ಚಿನ ಮೇಣದಬತ್ತಿ ಕಿಟ್’ ಎಂದು ಹೇಳಿ ಗ್ಲಾಸಿಗೆ ತುಂಬುವ ಮೇಣ ಕಳಿಸಿದ್ದು, ಕೇಳಿದ್ದಕ್ಕೆ ಅವಮಾನ ಮಾಡಿದ್ದು.

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಇಮೇಲ್ ಹಾಕಿದರೆ ‘ನಿಮ್ಮ ಸಮಸ್ಯೆ ನಮಗೆ ಮುಖ್ಯ’ ಅನ್ನೋ ಒಂದೇ ಸಾಲು ಬರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರಲ್ಲ. ಅದಕ್ಕೇ ಈ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ತಲುಪಿಲ್ಲ ಎಂದು ಹೇಳೋಕೆ ಇನ್ನು ದಾರಿ ಇರಲ್ಲ.

ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಓಣಿಯ ಹೆಣ್ಣುಮಕ್ಕಳು ಹೊಲಿಗೆ ಕಲಿಯೋಕೆ ಬರುತ್ತಾರೆ. ದೀಪಾವಳಿಗೆ ಮೇಣದಬತ್ತಿ ಮಾಡಿ ಮಾರೋಣ, ಬೇಸಿಗೆಯಲ್ಲೇ ಕಲಿತಿಟ್ಟುಕೊಳ್ಳೋಣ ಎಂದು ಎಲ್ಲರೂ ಮಾತಾಡಿಕೊಂಡೆವು. ನಮ್ಮ ಸಂಘದ ಉಳಿತಾಯದಿಂದ 1,850 ರೂಪಾಯಿ ತೆಗೆದು ನಿಮ್ಮ ಕಿಟ್ ತರಿಸಿದೆವು. ‘ಇದೇ ಒಳ್ಳೇದು’ ಎಂದು ಆರಿಸಿದ್ದು ನಾನು. ನಿಮ್ಮ ಜಾಹೀರಾತಿನಲ್ಲಿ ಎದ್ದು ನಿಂತ ಕಂಬದಂಥ ಮೇಣದಬತ್ತಿಯ ಚಿತ್ರ ಇತ್ತು. ‘ಅಚ್ಚಿಗೆ ಹೊಯ್ಯಿರಿ, ಆರಲು ಬಿಡಿ, ತೆಗೆಯಿರಿ’ ಎಂದು ಬರೆದಿತ್ತು. ಅದನ್ನು ನಂಬಿ ದುಡ್ಡು ಕೊಟ್ಟೆವು.

ಬಂದ ಸಾಮಾನಿನ ವಿಷಯಕ್ಕೆ ಬರುತ್ತೇನೆ. ಮೊದಲು ಬತ್ತಿ. ಅಚ್ಚಿನ ಎತ್ತರ 15 ಸೆಂಟಿಮೀಟರ್. ನೀವು ಕಳಿಸಿದ ಬತ್ತಿಯ ಉದ್ದ 10 ಸೆಂಟಿಮೀಟರ್. ಟೇಪು ಯಾವಾಗಲೂ ನನ್ನ ಕುತ್ತಿಗೆಯಲ್ಲೇ ಇರುತ್ತದೆ, ಹಿಡಿದು ಅಳೆದು ಫೋಟೋ ತೆಗೆದು ಕಳಿಸಿದ್ದೇನೆ. ಪ್ರತಿ ಬತ್ತಿಯ ಬುಡಕ್ಕೂ ತಗಡಿನ ಬಿಲ್ಲೆ ಇದೆ. ಆ ಬಿಲ್ಲೆ ಇರೋದು ಗ್ಲಾಸಿನ ತಳಕ್ಕೆ ಅಂಟಿಸೋಕೆ. ಅಚ್ಚಿನ ಮೇಣದಬತ್ತಿಗೆ ಬಿಲ್ಲೆ ಬೇಡ. ಅಚ್ಚಿನ ತಳದ ತೂತಿನಿಂದ ಬತ್ತಿ ಪೋಣಿಸಿ, ಮೇಲೆ ಕಡ್ಡಿಗೆ ಕಟ್ಟಿ ಬಿಗಿಯಾಗಿ ನಿಲ್ಲಿಸಬೇಕು. ಬತ್ತಿ ಸಾಲಲ್ಲ ಎಂದು ನಿಮಗೆ ಫೋನ್ ಮಾಡಿದರೆ ‘ಎರಡು ಸೇರಿಸಿ ಗಂಟು ಹಾಕಿಕೊಳ್ಳಿ’ ಎಂದರು. ಗಂಟಿನ ಹತ್ತಿರ ಉರಿ ಬಂದಾಗ ಏನಾಗುತ್ತದೆ ಎಂದು ಹೇಳಿದವರಿಗೆ ಗೊತ್ತಿರಲಿಲ್ಲ.

ದಪ್ಪವೂ ಸಾಲದು. 7 ಸೆಂಟಿಮೀಟರ್ ಅಗಲದ ಮೇಣದಬತ್ತಿಗೆ ಹುಟ್ಟುಹಬ್ಬದ ಕೇಕಿನ ಮೇಲೆ ಇಡೋವಷ್ಟು ಸಣ್ಣ ನೂಲು ಕೊಟ್ಟಿದ್ದೀರಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ಊರು ನಮ್ಮದು. ನಮ್ಮ ಮಾವನವರು ಗಿರಣಿಯಲ್ಲಿ ದುಡಿದವರು. ನೂಲು ಬೆರಳಲ್ಲಿ ಹೊಸೆದು ನೋಡಿ ಹೇಳೋದು ಈ ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಬತ್ತಿ ಸಣ್ಣದಾದರೆ ಸುತ್ತಲಿನ ಮೇಣ ಅಂಚಿನವರೆಗೆ ಕರಗಲ್ಲ. ನಡುವೆ ಬಾವಿ ತೋಡಿದ ಹಾಗೆ ಕೆಳಗಿಳಿದು, ಕರಗಿದ ಮೇಣದಲ್ಲೇ ಉರಿ ಮುಳುಗಿ ಆರಿಹೋಗುತ್ತದೆ. ಹಾಗೇ ಆಯಿತು.

ಆದರೆ ನನ್ನ ಮುಖ್ಯ ದೂರು ಮೇಣದ ಬಗ್ಗೆ.

ಬತ್ತಿಗೆ ತಕ್ಕ ಹಾಗೆ ಅಚ್ಚಿಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ ಮೇಣ ಹೊಯ್ದೆವು. ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಅಚ್ಚನ್ನು ಬಿಡಿಸಿದರೆ ಅಂಚಿನ ಗೆರೆಗಳೆಲ್ಲ ಅಚ್ಚಿಗೇ ಅಂಟಿಕೊಂಡು ಉಳಿದವು. ಕೈಗೆ ಬಂದದ್ದರ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಕಿಟಕಿ ಪಕ್ಕ ನಿಲ್ಲಿಸಿದ್ದೆವು. ಏಪ್ರಿಲ್ ತಿಂಗಳು, ನಮ್ಮೂರಲ್ಲಿ ಬಿಸಿಲು 38, 39 ಡಿಗ್ರಿ ಮುಟ್ಟುತ್ತದೆ, ನಮ್ಮದು ಶೀಟಿನ ಮನೆ. ಮಧ್ಯಾಹ್ನ ಊಟ ಮುಗಿಸಿ ನೋಡಿದರೆ ಮೇಣದಬತ್ತಿ ಒಂದು ಕಡೆಗೆ ವಾಲಿತ್ತು. ಸಂಜೆಗೆ ಕಿಟಕಿಯ ಕಟ್ಟೆ ಮೇಲೆ ಪೂರ್ತಿ ಮಲಗಿತ್ತು. ಮತ್ತೆ ಮಾಡಿದರೂ ಅದೇ ಕಥೆ.

ಆಮೇಲೆ ನಾನು ಮೇಣದ ಚೀಲವನ್ನು ಹತ್ತಿರದಿಂದ ನೋಡಿದೆ. ಚೀಲದ ಮೇಲೆ ‘ಪಿಲ್ಲರ್ ವ್ಯಾಕ್ಸ್’, ಅಂದರೆ ಕಂಬದಂಥ ಮೇಣದಬತ್ತಿಯ ಮೇಣ, ಎಂಬ ಬಿಳಿ ಸ್ಟಿಕ್ಕರ್ ಇತ್ತು. ಅದರ ಒಂದು ಮೂಲೆ ಎದ್ದಿತ್ತು. ಅಕ್ಕಿ ಪಾತ್ರೆಯ ಹಬೆಗೆ ಹಿಡಿದು ಮೆಲ್ಲಗೆ ಬಿಡಿಸಿದೆ. ಕೆಳಗೆ ಚೀಲದ ಮೇಲೇ ಅಚ್ಚಾಗಿದ್ದ ಅಕ್ಷರ ಹೀಗಿತ್ತು: ‘ಸೋಯಾ ಕಂಟೇನರ್ ವ್ಯಾಕ್ಸ್, ಕರಗುವ ಬಿಸಿ 48–50 ಡಿಗ್ರಿ’. ಸ್ಟಿಕ್ಕರ್ ಬಿಡಿಸಿದ್ದನ್ನು ನಮ್ಮ ಹುಡುಗಿಯೊಬ್ಬಳು ಮೊದಲಿಂದ ಕೊನೆವರೆಗೂ ವಿಡಿಯೋ ಮಾಡಿದ್ದಾಳೆ.

ಕಂಟೇನರ್ ಮೇಣ ಅಂದರೆ ಗ್ಲಾಸಿಗೋ ಡಬ್ಬಿಗೋ ತುಂಬುವ ಮೇಣ. ಗೋಡೆಗೆ ಅಂಟಿಕೊಂಡು ಕೂರಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅಚ್ಚಿನಿಂದ ತೆಗೆದು ತಾನಾಗೇ ನಿಲ್ಲಬೇಕಾದ ಮೇಣದಬತ್ತಿಗೆ ಗಟ್ಟಿ ಮೇಣ ಬೇಕು. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದಕ್ಕೇ ಅಲ್ವಾ ಮೇಲೆ ಸ್ಟಿಕ್ಕರ್ ಹಚ್ಚಿದ್ದು?

ಇಷ್ಟಾದರೂ ನನ್ನ ಕೈಯದೇ ತಪ್ಪು ಎನ್ನುತ್ತೀರೇನೋ ಎಂದು, ಚೌಕಿಪೇಟೆಯ ಅಂಗಡಿಯೊಂದರಲ್ಲಿ 60–62 ಡಿಗ್ರಿಯ ಪ್ಯಾರಾಫಿನ್ ಮೇಣವನ್ನೂ ದಪ್ಪ ಹೆಣಿಗೆಯ ಬತ್ತಿಯನ್ನೂ ತಂದೆ. ಅಂಗಡಿಯ ಹಿರಿಯರು ನಿಮ್ಮ ಮೇಣವನ್ನು ಚಿವುಟಿ ನೋಡಿ ‘ಇದು ಗ್ಲಾಸಿಗೆ ಹಾಕೋದು ತಾಯಿ, ಅಚ್ಚಿಗೆ ಯಾರು ಕೊಟ್ರು?’ ಎಂದರು. ಮೇಣ ಗಟ್ಟಿಯಾಗಲಿ, ಅಚ್ಚಿನಿಂದ ಸಲೀಸಾಗಿ ಬಿಡಲಿ ಎಂದು ಅದಕ್ಕೆ ಬೆರೆಸುವ ಸ್ಟಿಯರಿಕ್ ಆಸಿಡ್ ಕೇಳಿದೆ. ಅಚ್ಚು ಸಿಲಿಕೋನಿನದಾದರೆ ಬಿಡಿಸೋಕೆ ಅದು ಬೇಕಾಗಲ್ಲ ಎಂದು ಹೇಳಿ ಕಳಿಸಿದರು. ಬೇಡದ್ದನ್ನು ಮಾರದ ಅಂಗಡಿಯವರು ಅವರು. ಅದೇ ಅಚ್ಚು, ಅದೇ ಒಲೆ, ಅದೇ ಕೈ. ತಣ್ಣಗಾಗುವಾಗ ಮೇಣ ಕುಗ್ಗಿ ಬತ್ತಿಯ ಸುತ್ತ ಗುಂಡಿ ಬಿತ್ತು, ಇನ್ನೊಮ್ಮೆ ಹೊಯ್ದು ತುಂಬಿಸಿದೆವು. ಇದನ್ನೂ ಅವರೇ ಹೇಳಿಕೊಟ್ಟದ್ದು, ನಿಮ್ಮ ಕರಪತ್ರದಲ್ಲಿ ಒಂದಕ್ಷರ ಇಲ್ಲ. ಬೆಳಿಗ್ಗೆ ಅಚ್ಚು ಬಿಡಿಸಿದರೆ ಒಂದೊಂದು ಗೆರೆಯೂ ಎದ್ದು ಬಂದಿತ್ತು. ಅದೇ ಕಿಟಕಿ ಕಟ್ಟೆ ಮೇಲೆ, ಅದೇ ಬಿಸಿಲಿನಲ್ಲಿ ಈಗಲೂ ನೆಟ್ಟಗೆ ನಿಂತಿದೆ.

ಕಿಟ್‌ನಲ್ಲಿದ್ದ ಥರ್ಮಾಮೀಟರ್ ಕಥೆಯೂ ಹೇಳಿಬಿಡುತ್ತೇನೆ. ಕುದಿಯೋ ನೀರಿಗೆ ಇಟ್ಟರೆ 84 ತೋರಿಸುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಅದನ್ನು ನಂಬಿ ಮೇಣ ಕಾಯಿಸಿದವರ ಗತಿ ಏನು? ಸುವಾಸನೆ ಎಣ್ಣೆಯ ಬಾಟಲಿ ಮೇಲೆ ‘ಗರಿಷ್ಠ 6%’ ಎಂದಿದೆ. ಕರಪತ್ರ ನೋಡಿದರೆ ಒಂದು ಕಿಲೋ ಮೇಣಕ್ಕೆ 50 ಮಿಲಿಯ ಎರಡೂ ಬಾಟಲಿ ಸುರಿಯಿರಿ ಎನ್ನುತ್ತದೆ. ಸುರಿದರೆ ಮೇಣದಬತ್ತಿ ಮೈತುಂಬ ಎಣ್ಣೆ ಬೆವರುತ್ತದೆ.

ಇವೆಲ್ಲಕ್ಕಿಂತ ಕೆಟ್ಟದ್ದು ಒಂದಿದೆ. ನಿಮ್ಮ ಕರಪತ್ರದ ಪ್ರಕಾರ ಮೇಣದ ಪಾತ್ರೆಯನ್ನು ನೇರವಾಗಿ ಸಣ್ಣ ಉರಿಯ ಮೇಲೆ ಇಡಬೇಕಂತೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು ಎಂದು ಹೇಳಿಲ್ಲ. ಒಲೆ ಬಿಟ್ಟು ಹೋಗಬೇಡಿ ಎಂದು ಹೇಳಿಲ್ಲ. ಮೇಣ ಹೊತ್ತಿಕೊಂಡರೆ ನೀರು ಎರಚಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಎಂದು ಹೇಳಿಲ್ಲ. ಬೆಂಕಿ ಕಂಡರೆ ಹೊಸಬರು ಮೊದಲು ಮಾಡೋದೇ ನೀರು ಎರಚೋದು. ನನ್ನ ಮನೆಯಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗಿಯರು ಒಲೆ ಮುಂದೆ ನಿಂತಿದ್ದರು. ಅವರಲ್ಲಿ ಒಬ್ಬಳ ಮುಖಕ್ಕೆ ಉರಿ ಹಾರಿದ್ದರೆ ಅವಳ ತಾಯಿಗೆ ನಾನು ಏನು ಹೇಳಬೇಕಿತ್ತು? ಆ ಕರಪತ್ರವೂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕರ್ನಾಟಕದಲ್ಲಿ ಮಾರೋಕೆ ಬರುತ್ತದೆ, ಸುಡಬೇಡಿ ಎಂದು ಕನ್ನಡದಲ್ಲಿ ಹೇಳೋಕೆ ಬರಲ್ಲ.

ಈಗ ಆ ಫೋನಿನ ವಿಷಯ. ‘ಈ ಕರೆ ರೆಕಾರ್ಡ್ ಆಗುತ್ತದೆ’ ಎಂದು ನೀವೇ ಪ್ರತಿಸಲ ಹೇಳುತ್ತೀರಿ. ತೆಗೆದು ಕೇಳಿ. ನಾನು ಬರೆದದ್ದಕ್ಕೂ ಅದಕ್ಕೂ ವ್ಯತ್ಯಾಸ ಇದ್ದರೆ ತೋರಿಸಿ.

ಕೈಗೆಲ್ಲ ಮೇಣ ಮೆತ್ತಿತ್ತು ಎಂದು ಸ್ಪೀಕರ್ ಹಾಕಿದ್ದೆ. ಸುತ್ತ ಹೊಲಿಗೆಯ ಹೆಣ್ಣುಮಕ್ಕಳು ಕೂತಿದ್ದರು. ಕನ್ನಡದಲ್ಲಿ ಮಾತಾಡೋರು ಬೇಕು ಎಂದು ಕೇಳಿ, ಹಾಡು ಕೇಳುತ್ತಾ ಕಾದೆ. ಕೊನೆಗೆ ಒಬ್ಬ ಹುಡುಗ ಬಂದ.

‘ಹೇಳಿ ಮೇಡಂ.’

‘ಅಚ್ಚಿನ ಕಿಟ್‌ನಲ್ಲಿ ಕಂಟೇನರ್ ಮೇಣ ಕಳಿಸಿದೀರಲ್ಲ, ಬದಲಾಯಿಸಿ ಕೊಡಿ’ ಎಂದೆ.

‘ಕಂಟೇನರ್ ಅಂದ್ರೆ ಏನು ಅಂತ ಗೊತ್ತಾ ಮೇಡಂ ನಿಮಗೆ?’

ಗೊತ್ತು ಎಂದು ಹೇಳಿ, ಸ್ಟಿಕ್ಕರ್ ಕೆಳಗಿನ ಅಕ್ಷರವನ್ನು ಓದಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅದೆಲ್ಲ ಟೆಕ್ನಿಕಲ್ ಮೇಡಂ. ಮನೇಲಿ ಓದಿದೋರು ಯಾರಾದ್ರೂ ಇದ್ರೆ ಫೋನ್ ಕೊಡಿ’ ಎಂದ.

ಹುಡುಗಿಯರೆಲ್ಲ ಒಮ್ಮೆಲೇ ನನ್ನ ಮುಖ ನೋಡಿದರು.

‘ಓದಿದವಳು ನಾನೇ. ಹೇಳಪ್ಪ’ ಎಂದೆ.

‘ಮೇಣ ಕರಗಿಸಿದೀರಲ್ಲ, ಕರಗಿಸಿದ್ದು ವಾಪಸ್ ತಗೊಳ್ಳಲ್ಲ.’

‘ಕರಗಿಸದೆ ಮೇಣದಬತ್ತಿ ಮಾಡೋದು ಹೇಗೆ?’

‘ಅದು ಪಾಲಿಸಿ ಮೇಡಂ. ಹೊಸಬರಿಗೆ ಹೀಗೇ ಆಗುತ್ತೆ. ಫ್ರಿಡ್ಜ್‌ನಲ್ಲಿ ಇಡಿ.’

‘ಉರಿಸೋವಾಗಲೂ ಫ್ರಿಡ್ಜ್‌ನಲ್ಲೇ ಇಡಬೇಕಾ?’ ಎಂದೆ. ಅದಕ್ಕೆ ಅವನು ನಕ್ಕ. ನಕ್ಕು ಕೇಳಿದ: ‘ಯಾವ ಊರು ಮೇಡಂ?’

‘ದಾವಣಗೆರೆ.’

‘ದಾವಣಗೆರೇನಾ? ಮತ್ತೆ ಬೆಣ್ಣೆ ದೋಸೆ ಮಾಡಿ ಮೇಡಂ, ಚೆನ್ನಾಗಿ ಬರುತ್ತೆ. ಕ್ಯಾಂಡಲ್ ಎಲ್ಲ ಯಾಕೆ?’

ಹಿಂದೆ ಇನ್ನೂ ಒಬ್ಬರು ನಕ್ಕಿದ್ದು ಕೇಳಿಸಿತು. ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ‘ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?’ ಎಂದು ಮೆಸೇಜ್ ಬಂತು.

ಬೆಣ್ಣೆ ದೋಸೆ ಮಾಡೋದು ನಮಗೆ ಅವಮಾನ ಅಲ್ಲ, ಅದರಿಂದ ಈ ಊರಲ್ಲಿ ಎಷ್ಟೋ ಮನೆಗಳು ಊಟ ಮಾಡುತ್ತಿವೆ. ಆದರೆ ದುಡ್ಡು ಕೊಟ್ಟು ಕೊಂಡವರು ಲೆಕ್ಕ ಕೇಳಿದಾಗ ‘ನಿಮಗ್ಯಾಕೆ ಇದೆಲ್ಲ’ ಎಂದದ್ದು ಅವಮಾನ. ಅವತ್ತು ಕೂತಿದ್ದವರಲ್ಲಿ ಒಬ್ಬಳು ಈಗ ಕಲಿಯೋಕೇ ಬರುತ್ತಿಲ್ಲ. ‘ನಮಗೆ ಇವೆಲ್ಲ ಆಗಲ್ಲ ಬಿಡಕ್ಕ’ ಎಂದು ಅವರಮ್ಮನ ಕೈಲಿ ಹೇಳಿ ಕಳಿಸಿದಳು. ನಾನು ಕ್ಷಮಿಸದೇ ಇರೋದು ಇದನ್ನು.

ಕಾನೂನು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವಿವರಣೆಗೆ ಹೊಂದದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲ್ಲ ಎನ್ನುವಂತಿಲ್ಲ. ನಿಮ್ಮ ‘ಪಾಲಿಸಿ’ ಇದಕ್ಕಿಂತ ದೊಡ್ಡದಲ್ಲ. ನಿಮ್ಮ ವೆಬ್‌ಸೈಟಿನಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು ಇರಬೇಕಾದ ಜಾಗ ಖಾಲಿ ಇದೆ. ಚೀಲದ ಮೇಲೆ ತಯಾರಕರ ವಿಳಾಸವೂ ಇಲ್ಲ, ತಯಾರಾದ ತಿಂಗಳೂ ಇಲ್ಲ. 2011ರ ಪೊಟ್ಟಣ ಸಾಮಗ್ರಿ ನಿಯಮಗಳಂತೆ ಅವೂ ಇರಬೇಕು.

ಮೊದಲು ನಾನು ಕೇಳಿದ್ದು ಸರಿಯಾದ ಮೇಣ, ಸರಿಯಾದ ಬತ್ತಿ, ಅಷ್ಟೇ. ಅದು ಈಗ ಬೇಡ. ಪೂರ್ತಿ ಹಣ ಸಂಘದ ಖಾತೆಗೆ ಬರಬೇಕು. ಸ್ಟಿಕ್ಕರ್ ಹಚ್ಚಿದ ಕಿಟ್‌ಗಳ ಮಾರಾಟ ನಿಲ್ಲಬೇಕು. ಬೆಂಕಿಯ ಎಚ್ಚರಿಕೆ ಕನ್ನಡದಲ್ಲಿ ಅಚ್ಚಾಗಬೇಕು. ಆ ಹುಡುಗನ ಕೆಲಸ ತೆಗೆಯಿರಿ ಎಂದು ನಾನು ಕೇಳಲ್ಲ. ಅವನಿಗೆ ಹಾಗೆ ಮಾತಾಡೋದು ಕಲಿಸಿದವರು ಯಾರೋ, ಅವರು ನಮ್ಮ ಸಂಘಕ್ಕೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು.

ಪತ್ರ ತಲುಪಿದ 15 ದಿನದೊಳಗೆ ಇದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ. ಚೀಲದ ಫೋಟೋ ತೂಕ, ಅಳತೆ, ಪೊಟ್ಟಣದ ನಿಯಮ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗುತ್ತದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಸು ಹಾಕುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವಿರುವ ಊರಲ್ಲೇ ಕೇಸು ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ನಾನೇ ನಿಂತು ಮಾತಾಡುತ್ತೇನೆ. ಬಿಲ್ಲು, ಅಳತೆಯ ಫೋಟೋ, ಸ್ಟಿಕ್ಕರ್ ಬಿಡಿಸಿದ ವಿಡಿಯೋ, ವಾಲಿಬಿದ್ದ ಮೇಣದಬತ್ತಿ, ನೆಟ್ಟಗೆ ನಿಂತ ಮೇಣದಬತ್ತಿ ಎಲ್ಲ ನನ್ನ ಹತ್ತಿರ ಇವೆ. ಹಣ ವಾಪಸ್ ಹಾಕಿ ಬಾಯಿ ಮುಚ್ಚಿಸೋಣ ಎಂದುಕೊಂಡರೆ, ಕ್ಷಮೆಪತ್ರ ಬಾರದೆ ನಾನು ಒಂದು ದೂರನ್ನೂ ಹಿಂದೆ ತೆಗೆಯಲ್ಲ.

ಆ ಕರೆಯ ರೆಕಾರ್ಡಿಂಗ್ ಅಳಿಸಬೇಡಿ. ಆಯೋಗದ ಮುಂದೆ ನಾನು ಮೊದಲು ಕೇಳೋದು ಅದನ್ನೇ.

ಇಂತಿ,
ನಿಮ್ಮ ಕಿಟ್ ಕೊಂಡ ಗ್ರಾಹಕಿ
ದಾವಣಗೆರೆ