ಬೇಸಿಗೆ ರಜೆ ಬಂತು, ಪಾರ್ಕಿನ ಬೀಗ ತೆಗೆಸಿ ಸ್ವಾಮಿ

ಮಾನ್ಯ ಆಯುಕ್ತರೇ,

ನಮಸ್ಕಾರ. ಮೊದಲಾಗಿದ್ದರೆ ಬೆಂಗಳೂರಿಗೆಲ್ಲ ಒಂದೇ ಪತ್ರ ಸಾಕಾಗುತ್ತಿತ್ತು. 2025ರ ಸೆಪ್ಟೆಂಬರಿನಿಂದ ಪಾಲಿಕೆಗಳು ಐದಾಗಿವೆ. ಯಾವ ಪಾಲಿಕೆಯ ಆಯುಕ್ತರಿಗೆ ಬರೆಯುತ್ತಿದ್ದೇವೆ ಎಂದು ಹೇಳುವುದಿಲ್ಲ. ಐವರೂ ತಮಗೇ ಬರೆದದ್ದೆಂದು ಓದಿಕೊಂಡರೆ ನಮ್ಮ ಅಭ್ಯಂತರವೇನೂ ಇಲ್ಲ.

ಕೇಳುವುದು ಇಷ್ಟೇ: ಬಡಾವಣೆಯ ಪಾರ್ಕುಗಳ ಬೀಗ ತೆಗೆಸಿ.

ನಿಯಮವನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರುತ್ತವೆ ಎಂದು 2024ರ ಜೂನಿನಲ್ಲಿ ಪ್ರಕಟವಾಯಿತು. ಪತ್ರಿಕೆಗಳಲ್ಲಿ ಬಂತು, ಕೆಲವು ಗೇಟುಗಳಿಗೆ ಹೊಸ ಬೋರ್ಡೂ ಬಂತು. ಬೋರ್ಡಿನ ಕೆಳಗೆ ಮಾತ್ರ ಅದೇ ಹಳೇ ಸರಪಳಿ, ಅದೇ ಹಳೇ ವೇಳಾಪಟ್ಟಿ. ಬೆಳಿಗ್ಗೆ ಹತ್ತು ಗಂಟೆಗೆ ಬಿದ್ದ ಬೀಗ ಕಾವಲುಗಾರ ಊಟ ಮುಗಿಸಿ, ಒಂದು ಕೋಳಿನಿದ್ದೆ ತೆಗೆದು ಬಂದ ಮೇಲೆ ತೆರೆಯುತ್ತದೆ. ರಾತ್ರಿ ಎಂಟಕ್ಕೆ ಸೀಟಿ.

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲಿರುತ್ತಾರೆ. ಮಾಲ್‌ನ ಆಟದ ಮನೆಯಲ್ಲಿ ಗಂಟೆ ಲೆಕ್ಕದ ದುಡ್ಡು, ಲಾಲ್‌ಬಾಗ್‌ಗೆ ಹಗಲು ಹೊತ್ತು ಟಿಕೆಟ್ಟು. ಪುಕ್ಕಟೆ ಉಳಿದಿರುವುದು ಕಬ್ಬನ್ ಪಾರ್ಕು, ಇಲ್ಲವೇ ಬೀದಿಯ ಕೊನೆಯ ಪಾರ್ಕು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ. ತಾಯಿಯೊಬ್ಬಳು ಮಕ್ಕಳನ್ನು ಕರೆದುಕೊಂಡು ಹೊರಡುವುದಕ್ಕೆ ಸರ್ಕಾರವೇ ದಾರಿ ಮಾಡಿಕೊಟ್ಟಿದೆ. ಇಳಿದು ನಡೆದರೆ ಗೇಟಿಗೆ ಬೀಗ.

ಬೀಗ ಯಾಕೆ ಬೀಳುತ್ತದೆ ಎಂಬುದು ಗುಟ್ಟೇನಲ್ಲ. ಬೆಳಿಗ್ಗೆ 5ರಿಂದ ರಾತ್ರಿ 10 ಎಂದರೆ 17 ಗಂಟೆ. ಗುತ್ತಿಗೆದಾರ ಬಿಡುವುದು ಒಬ್ಬ ಕಾವಲುಗಾರನನ್ನು. ಎಂಟು ಗಂಟೆಯ ಎರಡು ಪಾಳಿ ಮಾಡಿದರೂ 16 ಗಂಟೆಯೇ ಆಯಿತು. ಊಟ, ವಾರದ ರಜೆ ಎಲ್ಲ ಹಿಡಿದರೆ ಒಂದು ಪಾರ್ಕಿಗೆ ಮೂವರು ಬೇಕು. ಟೆಂಡರಿನಲ್ಲಿ ಒಬ್ಬನಿಗೆ ಸಂಬಳ ಇಟ್ಟು ಬೋರ್ಡಿನಲ್ಲಿ 17 ಗಂಟೆ ಬರೆದರೆ ಆ ಬಡಪಾಯಿ ಬೀಗ ಹಾಕದೆ ಇನ್ನೇನು ಮಾಡಿಯಾನು? ಅವನ ಮೇಲೆ ನಮಗೆ ಸಿಟ್ಟಿಲ್ಲ. ಇನ್ನು ನಿವಾಸಿಗಳ ಸಂಘದ ಹಿರಿಯರು, ಮಧ್ಯಾಹ್ನ ತೆರೆದಿಟ್ಟರೆ ಜೋಡಿಗಳು ಬಂದು ಕೂರುತ್ತವೆ ಎನ್ನುತ್ತಾರೆ. ಕೂರಲಿ ಸ್ವಾಮಿ. ಬೆಂಚು ಹಾಕಿಸಿದ್ದು ಕೂರುವುದಕ್ಕೇ.

ಕಳೆದ ಬೇಸಿಗೆಯಲ್ಲಿ ಒಂದು ಪಾರ್ಕಿನಲ್ಲಿ ಆದದ್ದನ್ನು ಸ್ವಲ್ಪ ಸಮಾಧಾನದಿಂದ ಓದಿ. ಮೇ ತಿಂಗಳ ಭಾನುವಾರ, ಸಂಜೆ ಆರೂವರೆಗೆ ಸೂತ್ರದ ಗೊಂಬೆಯಾಟ. ಟಿಕೆಟ್ಟಿಲ್ಲ, ಮೈಕಿಲ್ಲ, ಶಾಮಿಯಾನವಿಲ್ಲ. ಅನುಮತಿಗೆ ಹೋದರೆ ಎಂಜಿನಿಯರ್ ಕಚೇರಿಯವರು ತೋಟಗಾರಿಕೆಯವರನ್ನು ಕೇಳಿ ಅಂದರು, ತೋಟಗಾರಿಕೆಯವರು ಪೊಲೀಸರನ್ನು ತೋರಿಸಿದರು. ಮೈಕ್ ಇಲ್ಲದಿದ್ದರೆ ನಮ್ಮ ಹತ್ತಿರ ಯಾಕೆ ಬಂದಿರಿ ಎಂದು ಪೊಲೀಸರು ಕೇಳಿದ್ದು ನ್ಯಾಯವೇ. ಕೊನೆಗೆ ಯಾರೋ ಬಾಯಿಮಾತಿನಲ್ಲಿ ‘ಮಾಡ್ಕೊಳ್ಳಿ’ ಅಂದರು. ಎಂಟಕ್ಕೆ ಟೈಮರ್ ಕೆಲಸ ಮಾಡಿ ದೀಪಗಳೆಲ್ಲ ಒಟ್ಟಿಗೆ ಆರಿದವು. ರಾವಣ ಇನ್ನೂ ಬಿದ್ದಿರಲಿಲ್ಲ. ಅಪ್ಪಂದಿರು ಮೊಬೈಲ್ ಟಾರ್ಚ್ ಹಿಡಿದರು, ಮಕ್ಕಳಿಗೆ ಇನ್ನೂ ಖುಷಿ. ಅಷ್ಟರಲ್ಲಿ ಕಾವಲುಗಾರ ದೊಡ್ಡ ಗೇಟಿಗೆ ಬೀಗ ಜಡಿದು, ತಿರುಗಣೆ ಗೇಟಿನಿಂದ ಹೋಗಿ ಎಂದು ಹೇಳಿ ಹೊರಟೇ ಹೋದ. ತಿರುಗಣೆಯಲ್ಲಿ ಒಬ್ಬೊಬ್ಬರೇ ತೂರಬಹುದು. ಗಾಲಿಕುರ್ಚಿಯಲ್ಲಿ ಬಂದಿದ್ದ ಅಜ್ಜಿಯೊಬ್ಬರು ತೂರುವುದು ಹೇಗೆ? ಕೀಲಿ ಒಂದೇ, ಅದು ಕಾವಲುಗಾರನ ಜೇಬಿನಲ್ಲಿ ಅವನ ಮನೆ ಸೇರಿತ್ತು. ಬೋರ್ಡಿನಲ್ಲಿದ್ದ ಸಹಾಯವಾಣಿ ದೂರನ್ನು ದಾಖಲಿಸಿಕೊಂಡಿತು. ಬಹಳ ಹೊತ್ತಿನ ಮೇಲೆ ನಾಲ್ಕು ಜನ ಅಜ್ಜಿಯನ್ನು ಎತ್ತಿ, ಕುರ್ಚಿಯನ್ನು ಮಡಿಸಿ ಗ್ರಿಲ್ಲಿನ ಮೇಲಿಂದ ದಾಟಿಸಿ, ಹೊರಗೆ ತಂದರು. ಮುಂದಿನ ವಾರ ಕ್ರಮ ಜರುಗಿತು. ಗೇಟಿಗೆ ಎರಡನೇ ಕೀಲಿ ಬರಲಿಲ್ಲ, ‘ಕಾರ್ಯಕ್ರಮ ನಿಷೇಧಿಸಲಾಗಿದೆ’ ಎಂಬ ಬೋರ್ಡು ಬಂತು. ಅದನ್ನು ಬರೆಸಿದವರ ಚುರುಕುತನಕ್ಕೆ ನಮ್ಮ ನಮಸ್ಕಾರ ತಿಳಿಸಿ.

ಇದೇ ಊರಿನಲ್ಲಿ ಚೈತ್ರದ ಹುಣ್ಣಿಮೆಗೆ ಕರಗ ಇಡೀ ರಾತ್ರಿ ಪೇಟೆ ಬೀದಿಗಳಲ್ಲಿ ಸಾಗುತ್ತದೆ. ಪೊಲೀಸರು, ದೀಪ, ನೀರು ಎಲ್ಲ ಒದಗುತ್ತವೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಸಂಚಾರ ತಡೆಯುವುದಕ್ಕೂ ಆಡಳಿತಕ್ಕೆ ಸಾಧ್ಯವಾಗಿದೆ. ಹಾಗಾಗಿ ನಿಮ್ಮಿಂದ ಆಗುವುದಿಲ್ಲ ಎಂಬ ಮಾತನ್ನು ನಾವು ನಂಬುವುದಿಲ್ಲ.

ಮೈಕಿನ ಭಯವಿದ್ದರೆ ಬಿಡಿ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಅನುಮತಿ ಬೇಕಾದದ್ದು ಧ್ವನಿವರ್ಧಕಕ್ಕೆ. ವಸತಿ ಪ್ರದೇಶದ ಮಿತಿ ಹಗಲಲ್ಲಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ನೂರು ನೂರೈವತ್ತು ಜನಕ್ಕೆ ಮೈಕೇ ಬೇಡ. ಆಡುವವರ ಬೆನ್ನಿಗೆ ಕಾಂಪೌಂಡ್ ಗೋಡೆ ಇರಬೇಕು, ಜನ ಅರ್ಧ ಚಂದ್ರಾಕಾರವಾಗಿ ಹತ್ತಿರ ಕೂರಬೇಕು, ಮುಂದಿನ ಜಮಖಾನ ಮಕ್ಕಳಿಗೆ. ನೋಡುವವರು ಪೂರ್ವಕ್ಕೆ ಮುಖ ಮಾಡಿರಲಿ. ಮೇನಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲಿನ ಹೊತ್ತಿಗೆ, ಅಲ್ಲಿಯವರೆಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ತೆಂಗಿನ ಮರದ ಕೆಳಗೆ ಬೇಡವೇ ಬೇಡ. ಗುಲ್‌ಮೊಹರ್ ಹೂ ಬಿಟ್ಟು ಕೆಂಪಗೆ ಕರೆಯುತ್ತದೆ, ನಿಜ, ಆದರೆ ಅದರ ಕೊಂಬೆ ಮುಂಗಾರುಪೂರ್ವದ ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಒಣಕೊಂಬೆ ಸವರುವ ಕೆಲಸ ಮಾರ್ಚಿನಲ್ಲೇ ಮುಗಿಯಬೇಕು, ಮರ ಬಿದ್ದ ಮರುದಿನವಲ್ಲ.

ತೆರೆದರಷ್ಟೇ ಸಾಲದು, ಕುಡಿಯುವ ನೀರು ಬೇಕು. ಇನ್ನೂರು ಜನ ಎರಡು ಗಂಟೆ ಕೂತರೆ ತಲೆಗೆ ಅರ್ಧ ಲೀಟರಿನಂತೆ ನೂರು ಲೀಟರ್. ಫೋಟೋಗೆ ಇಟ್ಟ ಒಂದು 20 ಲೀಟರ್ ಕ್ಯಾನು ನಲವತ್ತು ಜನರಿಗೆ ಮುಗಿಯಿತು. ಹಳೇ ಅರವಟ್ಟಿಗೆಯೇ ಸಾಕು: ನಲ್ಲಿ ಕೂರಿಸಿದ 20 ಲೀಟರಿನ ಐದು ಮಣ್ಣಿನ ಕೊಡ, ಹೊಂಗೆಯ ನೆರಳಲ್ಲಿ ಒಂದು ಸ್ಟ್ಯಾಂಡು, ಕೊಡಕ್ಕೆ ಒದ್ದೆ ಗೋಣಿ. ಗಾಳಿಯಾಡುವ ಕಡೆ ಇಟ್ಟರೆ ಮಾತ್ರ ತಂಪಾಗುತ್ತದೆ. ಮೂಲೆಗೆ ತಳ್ಳಿ ಪ್ಲಾಸ್ಟಿಕ್ ಸುತ್ತಿದರೆ ಕೊಡದ ಮೈ ಬೆವರುವುದಿಲ್ಲ, ನೀರೂ ತಣಿಯುವುದಿಲ್ಲ. ಲೋಟ ಅದ್ದಿ ತೆಗೆಯುವ ಪದ್ಧತಿ ಬೇಡ. ದಿನಾ ತೊಳೆಯಬೇಕು. ಶೌಚಾಲಯದ ಬಗ್ಗೆ ಹೇಳುವುದಕ್ಕೇನೂ ಇಲ್ಲ, ಅದರ ಬೀಗವನ್ನೂ ತೆಗೆಸಿ.

ಜಾರುಬಂಡೆಯನ್ನು ಒಮ್ಮೆ ನೀವೇ ಮುಟ್ಟಿ ನೋಡಿ. ಫೈಬರಿನದಾದರೆ ಮೇಲಿನ ಪದರ ಸವೆದು ಎಳೆಗಳು ಎದ್ದಿರುತ್ತವೆ, ಚಡ್ಡಿ ಹಾಕಿದ ಮಗುವಿನ ತೊಡೆಗೆ ಮುಳ್ಳಿನಂತೆ ಚುಚ್ಚುತ್ತವೆ. ಕಬ್ಬಿಣದ್ದಾದರೆ ಮಧ್ಯಾಹ್ನ ಕಾದ ಹೆಂಚು. 11ರಿಂದ 4ರವರೆಗೆ ಅದಕ್ಕೆ ಹಗ್ಗ ಕಟ್ಟಿ, ಪಾರ್ಕಿಗೆ ಬೀಗ ಹಾಕಬೇಡಿ. ಆ ಹೊತ್ತಿಗೆ ಜನ ಬರುವುದು ಮರದ ನೆರಳಿಗೆ. ಉಯ್ಯಾಲೆಯ ಸರಪಳಿಯನ್ನು ಮೇಲೆ ಹಿಡಿದಿರುವ ಕೊಕ್ಕೆ ಅರ್ಧ ಸವೆದಿದ್ದರೆ ಬದಲಿಸಬೇಕು, ಬಣ್ಣ ಬಳಿಯಬಾರದು. ಕೆಳಗೆ ಒಂದಡಿ ಮರಳು ಬೇಕು. ದೀಪದ ಕಂಬದ ಬುಡದ ಮುಚ್ಚಳ ಹೋಗಿ ವೈರು ಹೊರಗಿರುವ ಪಾರ್ಕುಗಳಿವೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗಿನ ಮಳೆ ಬಂದರೆ ಅಲ್ಲೇ ನೀರು ನಿಲ್ಲುತ್ತದೆ. ಮುಚ್ಚಳ ಹಾಕಿಸಿ, ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಕೂರಿಸಿ. ಗೇಟಿನ ಕೀಲುಗಳನ್ನೂ ನೋಡಿಸಿ. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದ ಮೈದಾನವೊಂದರಲ್ಲಿ ಕಬ್ಬಿಣದ ಗೇಟು ಬಿದ್ದು ಬಾಲಕ ತೀರಿಕೊಂಡದ್ದು ನಿಮಗೆ ನೆನಪಿರಬೇಕು.

ಇಷ್ಟನ್ನೂ ಒಂದೇ ಸಲ ಮಾಡಿ ಎನ್ನುವಷ್ಟು ಆಸೆಬುರುಕರಲ್ಲ ನಾವು. ರಜೆ ಶುರುವಾಗುವ ಮುನ್ನ ಟೈಮರನ್ನು ಎಂಟರಿಂದ ಹತ್ತಕ್ಕೆ ತಿರುಗಿಸಿ, ಅದಕ್ಕೆ ಒಬ್ಬ ಎಲೆಕ್ಟ್ರಿಷಿಯನ್, ಒಂದು ಏಣಿ ಸಾಕು. ಕೀಲಿಯ ಇನ್ನೊಂದು ಪ್ರತಿಯನ್ನು ಹತ್ತಿರದ ಮನೆಯಲ್ಲೋ ಅಂಗಡಿಯಲ್ಲೋ ಇಟ್ಟು, ಆ ಫೋನ್ ನಂಬರನ್ನು ಗೇಟಿನ ಮೇಲೆ ಬರೆಸಿ. ಮೈಕಿಲ್ಲದ ಆಟಕ್ಕೆ ಒಂದೇ ಕಚೇರಿಯಲ್ಲಿ, ಒಂದೇ ಪುಟದ ಅರ್ಜಿಯಲ್ಲಿ, ಮೂರು ದಿನದೊಳಗೆ ಹೌದು ಅಥವಾ ಇಲ್ಲ ಎನ್ನಿ. ಕಾವಲುಗಾರರ ಸಂಖ್ಯೆಯನ್ನು ಮುಂದಿನ ಟೆಂಡರಿನಲ್ಲಿ ಸರಿಪಡಿಸಿ; ಅಲ್ಲಿಯವರೆಗೆ ಇರುವ ಒಬ್ಬನಿಗೆ ಮಧ್ಯಾಹ್ನ ಗೇಟು ತೆರೆದಿಟ್ಟೇ ಊಟಕ್ಕೆ ಹೋಗು ಅಂತ ಲಿಖಿತ ಆದೇಶ ಕೊಡಿ. ಬಾಯಿಮಾತು ಬೇಡ, ನಾಳೆ ಏನಾದರೂ ಆದರೆ ಅವನ ಕೆಲಸ ಹೋಗುತ್ತದೆ.

‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ಬೀಗ ತೆಗೆಸಿ.

ಇಂತಿ,
ಬೋರ್ಡಿನಲ್ಲಿ ಬರೆದ ವೇಳೆಯನ್ನು ನಂಬಿ ಬರುವ ನಾಗರಿಕರು